ಹರೆಯದ ಹುಂಜ, ಅಂಗಳದ ಅಜ್ಜಿ

ಪ್ರತಿ ವರ್ಷ ಈ ಅಂಕಣದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಅಂತ ಬರೆದು ನಿಮ್ಮ ಹಬ್ಬದೂಟದ ರುಚಿ ಕೆಡಿಸುವುದು ನನ್ನ ಕೆಲಸ. ಈ ಸಲ ನಿಮ್ಮ ಒಬ್ಬಟ್ಟಿನ ತಂಟೆಗೆ ಬರುವುದಿಲ್ಲ. ಈ ಸಲದ ವಿಷಯ ಕೋಳಿ. ಸಂಪಾದಕ ಮಿತ್ರರಿಗೆ ಫೋನಿನಲ್ಲಿ ಹೇಳಿದಾಗ, "ಕೋಳಿ ತಿನ್ನಬಹುದಾ ಬೇಡವಾ ಅಂತಾನಾ ಡಾಕ್ಟ್ರೇ?" ಎಂದು ಕೇಳಿದರು. "ಅಲ್ಲ ಸ್ವಾಮಿ, ನಮ್ಮನ್ನೇ ಅಟ್ಟಿಸಿಕೊಂಡು ಬರುವ ಹುಂಜದ ವಿಷಯ" ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ.

ನಗಬೇಡಿ. ಈಚಿನ ವರ್ಷಗಳಲ್ಲಿ ನಮ್ಮ ಕನ್ನಡದವರ ಮನೆಗಳಿಂದಲೇ ಹುಂಜ ಕುಕ್ಕಿದ, ಹಾರಿ ಒದ್ದ, ಕಾಲಿನ ಮುಳ್ಳಿನಿಂದ ಚುಚ್ಚಿದ ಗಾಯಗಳ ಬಗ್ಗೆ ನನಗೆ ಫೋನುಗಳು ಬಂದಿವೆ. ನಾನು ಶಿಕಾಗೊದಲ್ಲಿ ರೆಸಿಡೆನ್ಸಿ ಮುಗಿಸಿ ಆಮೇಲೆ ಡೆಟ್ರಾಯಿಟ್ ಕಡೆ ಬಂದು ನೆಲೆಸಿದವನು. ಆ ದಿನಗಳಲ್ಲಿ ನಮ್ಮವರ ಹಿತ್ತಿಲಲ್ಲಿ ಇರುತ್ತಿದ್ದುದು ಮೆಂತ್ಯ, ಹೀರೆ, ಅವರೆ, ಮತ್ತು ಚಳಿಗಾಲ ಬಂದೊಡನೆ ಮಗುವಿನಂತೆ ಎತ್ತಿ ಒಳಗಿಡಬೇಕಾದ ಕರಿಬೇವಿನ ಕುಂಡ. ಕೋಳಿ ಬಂದದ್ದು ಈಚೆಗೆ. 2020ರ ವಸಂತದಲ್ಲಿ ಎಲ್ಲರೂ ಮನೆಯಲ್ಲೇ ಕೂತಾಗ ಮಕ್ಕಳಿಗೊಂದು ಹವ್ಯಾಸ ಬೇಕಾಯಿತು. 2022ರಿಂದ ಹಕ್ಕಿಜ್ವರ ದೇಶದ ಕೋಳಿ ಫಾರಂಗಳನ್ನು ಕಾಡತೊಡಗಿತು. 2025ರ ಮಾರ್ಚ್‌ನಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ ದಾಟಿದಾಗ, ಅಲ್ಲಿಯವರೆಗೆ ಸುಮ್ಮನಿದ್ದವರೂ ಗೂಡು ಕಟ್ಟಲು ಹಲಗೆ ತಂದರು. ಸಬ್‌ಡಿವಿಷನ್ ಬಿಟ್ಟು ದೂರದಲ್ಲಿ ಎರಡು ಮೂರು ಎಕರೆ ಜಾಗದ ಮನೆ ಕೊಂಡವರಿಗಂತೂ ಕೋಳಿಗೂಡು ಇಲ್ಲದಿದ್ದರೆ ಊರಿನ ನೆನಪು ಪೂರ್ತಿಯಾಗುವುದಿಲ್ಲ.

ಹಾಗೆ ಕೋಳಿ ಸಾಕಿದವರಲ್ಲಿ ಬಹುತೇಕರಿಗೆ ಬೇಕಾಗಿದ್ದುದು ಮೊಟ್ಟೆ. ಹುಂಜ ಯಾರಿಗೂ ಬೇಕಿರಲಿಲ್ಲ. ಹಾಗಾದರೆ ಅದು ಬಂದದ್ದಾದರೂ ಎಲ್ಲಿಂದ?

ಅಂಗಡಿಯಲ್ಲಿ ಮರಿಗಳನ್ನು ಮಾರುವಾಗ ಡಬ್ಬದ ಮೇಲೆ ಎರಡು ಬಗೆಯ ಚೀಟಿ ಇರುತ್ತದೆ. 'ಸ್ಟ್ರೈಟ್ ರನ್' ಎಂದಿದ್ದರೆ ಗಂಡು ಹೆಣ್ಣು ಬೇರ್ಪಡಿಸಿಲ್ಲ ಎಂದರ್ಥ, ಅರ್ಧಕ್ಕರ್ಧ ಹುಂಜಗಳೇ ಬರಬಹುದು. 'ಪುಲೆಟ್' ಎಂದಿದ್ದರೆ ಹೆಣ್ಣು ಮರಿಗಳು. ಆದರೆ ಒಂದು ದಿನದ ಮರಿಯ ಲಿಂಗ ಗುರುತಿಸುವುದು ಸುಲಭದ ಕೆಲಸವಲ್ಲ. ಮರಿಯ ಹಿಂಭಾಗವನ್ನು ಒತ್ತಿ ನೋಡಿ ಹೇಳುವ ಈ ವಿದ್ಯೆಯನ್ನು ಸುಮಾರು ನೂರು ವರ್ಷಗಳ ಹಿಂದೆ ಜಪಾನಿನವರು ಬೆಳೆಸಿದರು. ಇಂದಿಗೂ ಮಾರುವವರು ಸಾಮಾನ್ಯವಾಗಿ ನೂರಕ್ಕೆ ತೊಂಬತ್ತರಷ್ಟು ಖಾತ್ರಿಯನ್ನು ಮಾತ್ರ ಕೊಡುತ್ತಾರೆ. ಲೆಕ್ಕ ಹಾಕಿ ನೋಡಿ: ಆ ಖಾತ್ರಿಯಲ್ಲಿ ಆರು ಮರಿ ತಂದರೆ ಅವುಗಳಲ್ಲಿ ಒಂದಾದರೂ ಹುಂಜವಾಗಿರುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧಕ್ಕರ್ಧ. ಆದ್ದರಿಂದ ನಿಮ್ಮ 'ಲಕ್ಷ್ಮಿ' ಒಂದು ಬೆಳಿಗ್ಗೆ ಕತ್ತು ನೀಳ ಮಾಡಿ 'ಕೊಕ್ಕೊಕ್ಕೋ' ಎಂದರೆ ಅಂಗಡಿಯವನನ್ನು ಬೈಯಬೇಡಿ. ಹುಂಜ ಬೇಡವೇ ಬೇಡ ಎನ್ನುವವರು 'ಸೆಕ್ಸ್ ಲಿಂಕ್' ಎನ್ನುವ ಮಿಶ್ರತಳಿಯನ್ನು ಕೇಳಿ ತರಬಹುದು. ರೋಡ್ ಐಲೆಂಡ್ ರೆಡ್ ಹುಂಜಕ್ಕೂ ಬ್ಯಾರ್ಡ್ ರಾಕ್ ಹೇಂಟೆಗೂ ಹುಟ್ಟಿದ ಮರಿಗಳಲ್ಲಿ ಗಂಡಿನ ತಲೆಯ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಅದನ್ನು ಯಾರು ಬೇಕಾದರೂ ಗುರುತಿಸಬಹುದು.

ಇನ್ನೊಂದು ಮಾತು. ಮೊಟ್ಟೆಗೆ ಹುಂಜ ಬೇಕು ಎಂದು ನಮ್ಮಲ್ಲಿ ಎಷ್ಟೋ ಜನ ನಂಬಿದ್ದಾರೆ. ಬೇಕಿಲ್ಲ. ಹೇಂಟೆ ತನ್ನ ಪಾಡಿಗೆ ತಾನು ಮೊಟ್ಟೆ ಇಡುತ್ತದೆ. ಹುಂಜ ಬೇಕಾಗುವುದು ಮರಿ ಬೇಕಾದಾಗ ಮಾತ್ರ. 'ನನ್ನ ಕೋಳಿ ಕೂಗಿದರೇ ಊರಿಗೆ ಬೆಳಗು' ಎಂದುಕೊಂಡಿದ್ದ ಅಜ್ಜಿಯ ಕಥೆ ನಿಮಗೆಲ್ಲ ಗೊತ್ತು. ಹುಂಜವಿದ್ದರೇ ಮೊಟ್ಟೆ ಎನ್ನುವುದೂ ಅದೇ ಜಾತಿಯ ನಂಬಿಕೆ.

ಅನೇಕ ಊರುಗಳ ಕಾನೂನು ಕೂಡ ಇದನ್ನೇ ಹೇಳುತ್ತದೆ. ಆನ್ ಆರ್ಬರ್ 2008ರಲ್ಲಿ ಮನೆಯ ಹಿತ್ತಿಲಲ್ಲಿ ಹೇಂಟೆ ಸಾಕಲು ಅನುಮತಿ ಕೊಟ್ಟಿತು, ಹುಂಜಕ್ಕೆ ಕೊಡಲಿಲ್ಲ. ಶಿಕಾಗೊ ಪಕ್ಕದ ಎವನ್‌ಸ್ಟನ್ 2010ರಲ್ಲಿ ಅದನ್ನೇ ಮಾಡಿತು. ಡೆಟ್ರಾಯಿಟ್ ನಗರಸಭೆ 2024ರ ನವೆಂಬರ್‌ನಲ್ಲಿ ಒಪ್ಪಿದ ನಿಯಮದಲ್ಲಿ ಕೋಳಿ ಬಾತುಗಳೆಲ್ಲ ಸೇರಿ ಎಂಟರವರೆಗೆ ಸಾಕಬಹುದು, ಆದರೆ ಅಲ್ಲೂ ಹುಂಜ ಹೊರಗೆ. ಶಿಕಾಗೊ ನಗರ ಮೊದಲಿನಿಂದಲೂ ಕೋಳಿಯ ವಿಷಯದಲ್ಲಿ ಧಾರಾಳಿ. 2007ರಲ್ಲಿ ನಿಷೇಧಿಸುವ ಪ್ರಯತ್ನ ನಡೆದರೂ ಅದು ಪಾಸಾಗಲಿಲ್ಲ. ಆದರೆ ಮನೆಯಲ್ಲಿ ಆಹಾರಕ್ಕೆಂದು ಕೊಯ್ಯುವುದನ್ನು ಆ ನಗರದ ಕಾನೂನು ಒಪ್ಪುವುದಿಲ್ಲ. ನಿಮ್ಮ ಊರಿನ ನಿಯಮ, ಅದರ ಮೇಲೆ ನಿಮ್ಮ ಹೋಂ ಓನರ್ಸ್ ಅಸೋಸಿಯೇಷನ್ನಿನ ನಿಯಮ, ಎರಡನ್ನೂ ಮರಿ ತರುವ ಮುಂಚೆಯೇ ಓದಿಕೊಳ್ಳಿ. ಅಕ್ಕಪಕ್ಕದವರು ದೂರು ಕೊಡುವುದು ಮರಿ ಚಿಂವ್ ಚಿಂವ್ ಅನ್ನುವಾಗ ಅಲ್ಲ, ಐದು ತಿಂಗಳಾದ ಮೇಲೆ ಬೆಳಗಿನ ಜಾವ ನಾಲ್ಕೂವರೆಗೆ.

ಈಗ ಈ ಐದು ತಿಂಗಳ ವಿಷಯಕ್ಕೆ ಬರೋಣ. ಎಂ.ಬಿ.ಬಿ.ಎಸ್., ಎಂ.ಡಿ. ಓದಿದವನಿಗೆ ಕೋಳಿಯ ವಿಷಯ ಏನು ಗೊತ್ತು ಎಂದು ನೀವು ಕೇಳಬಹುದು. ಹಾರ್ಮೋನುಗಳ ಶಾಸ್ತ್ರ ಶುರುವಾದದ್ದೇ ಹುಂಜದಿಂದ! 1849ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಬರ್ತೋಲ್ಡ್ ಎಂಬ ವಿಜ್ಞಾನಿ ಎಳೆ ಹುಂಜಗಳ ಬೀಜ ತೆಗೆದ. ಅವುಗಳ ಜುಟ್ಟು ಬಾಡಿತು, ಕೂಗು ನಿಂತಿತು, ಜಗಳ ನಿಂತಿತು. ಬೀಜವನ್ನು ಮತ್ತೆ ಹೊಟ್ಟೆಯೊಳಗೆ ಇಟ್ಟ ಹುಂಜಗಳಲ್ಲಿ ಜುಟ್ಟು, ಕೂಗು, ಜಗಳ ಎಲ್ಲವೂ ವಾಪಸು ಬಂತು. ನರಗಳ ಸಂಪರ್ಕವಿಲ್ಲದೆ ರಕ್ತದ ಮೂಲಕವೇ ಏನೋ ಒಂದು ದೇಹವನ್ನೆಲ್ಲ ಆಳುತ್ತಿದೆ ಎಂದು ತಿಳಿದದ್ದು ಹೀಗೆ.

ಆ 'ಏನೋ ಒಂದು' ಸಿಕ್ಕಿದ್ದರಲ್ಲಿ ನಮ್ಮ ಶಿಕಾಗೊದ ಪಾಲೂ ದೊಡ್ಡದು. 1927ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಪ್ರೊಫೆಸರ್ ಫ್ರೆಡ್ ಕೋಚ್ ಮತ್ತು ಅವರ ವಿದ್ಯಾರ್ಥಿ ಲೆಮ್ಯುಯೆಲ್ ಮೆಗೀ, ಅಲ್ಲಿನ ಸ್ಟಾಕ್‌ಯಾರ್ಡ್ಸ್ ಕಸಾಯಿಖಾನೆಗಳಿಂದ ಹೋರಿಗಳ ಬೀಜ ತರಿಸಿ, ಸುಮಾರು 40 ಪೌಂಡಿನಿಂದ 20 ಮಿಲಿಗ್ರಾಂನಷ್ಟು ಸಾರ ತೆಗೆದರು. ಅದು ಕೆಲಸ ಮಾಡುತ್ತದೆಯೇ ಎಂದು ನೋಡಿದ್ದು ಬೀಜ ತೆಗೆದ ಹುಂಜಗಳ ಮೇಲೆ. ಬಾಡಿದ ಜುಟ್ಟು ಮತ್ತೆ ಕೆಂಪಾಗಿ ಬೆಳೆಯಿತು. 1935ರಲ್ಲಿ ಆ ಹಾರ್ಮೋನಿಗೆ ಟೆಸ್ಟೋಸ್ಟಿರೋನ್ ಎಂದು ಹೆಸರಾಯಿತು. ಅದೇ ವಿಶ್ವವಿದ್ಯಾಲಯದಲ್ಲಿ 1939ರಲ್ಲಿ ವಾರ್ಡರ್ ಆಲೀ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗುಂಪಿನಲ್ಲಿ ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತಿದ್ದ ಬಡಪಾಯಿ ಹೇಂಟೆಗಳಿಗೆ ಈ ಹಾರ್ಮೋನ್ ಚುಚ್ಚಿದರು. ಅವು ಎದುರು ನಿಂತು ಹೋರಾಡಿ ಮೇಲಿನ ಸ್ಥಾನಕ್ಕೆ ಏರಿದವು.

ಗುಂಪಿನಲ್ಲಿ ಮೇಲು ಕೀಳು ಎಂಬುದನ್ನು ಮೊದಲು ಕಂಡು ಬರೆದವನು ನಾರ್ವೆಯ ಶೆಲ್ಡರುಪ್ ಎಬ್ಬೆ, 1922ರಲ್ಲಿ. ಯಾರು ಯಾರನ್ನು ಕುಕ್ಕಬಹುದು, ಯಾರು ಸುಮ್ಮನೆ ಕುಕ್ಕಿಸಿಕೊಳ್ಳಬೇಕು ಎಂಬುದು ಕೋಳಿಗಳಲ್ಲಿ ನಿಗದಿಯಾಗಿರುತ್ತದೆ. ನಮ್ಮ ಕೂಟದ ಕಾರ್ಯಕಾರಿ ಸಮಿತಿಗೆ ಇದನ್ನು ಹೋಲಿಸುವ ಆಸೆಯಾಗುತ್ತಿದೆ, ಆದರೆ ಮುಂದಿನ ವರ್ಷವೂ ಅಂಕಣ ಬರೆಯಬೇಕಲ್ಲ!

ಈ ಎರಡು ಸಂಗತಿ ಸೇರಿಸಿದರೆ ಹುಂಜದ ಸಿಟ್ಟಿನ ಅರ್ಥ ಸಿಗುತ್ತದೆ. ಏಪ್ರಿಲ್‌ನಲ್ಲಿ ತಂದ ಮರಿಗೆ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಹರೆಯ. ಮೈಯಲ್ಲಿ ಹಾರ್ಮೋನ್ ಏರುತ್ತದೆ, ಜುಟ್ಟು ಕೆಂಪಾಗುತ್ತದೆ, ಕತ್ತಿನ ಗರಿ ಚೂಪಾಗಿ ಹೊಳೆಯುತ್ತದೆ. ಗುಂಪಿನಲ್ಲಿ ತನ್ನ ಸ್ಥಾನ ಯಾವುದೆಂದು ಅದು ತೀರ್ಮಾನ ಮಾಡಿಕೊಳ್ಳಬೇಕು. ದಿನಾ ಗೂಡಿಗೆ ಬಂದು ಹೇಂಟೆಗಳನ್ನು ಎತ್ತುವ, ಮೊಟ್ಟೆ ಒಯ್ಯುವ ಎರಡು ಕಾಲಿನ ನೀವೂ ಅದರ ಕಣ್ಣಿಗೆ ಆ ಗುಂಪಿನವರೇ. ಅದು ದುಷ್ಟತನವಲ್ಲ, ಹುಚ್ಚೂ ಅಲ್ಲ. ಹದಿನಾರರ ಹುಡುಗ ಅಪ್ಪನ ಎದುರು ಬಾಗಿಲು ಧಡಾರೆಂದು ಹಾಕಿಕೊಂಡ ಹಾಗೆ.

ಹಾಗಾದರೆ ನಮ್ಮ ಊರುಗಳಲ್ಲಿ ಈ ತೊಂದರೆ ಯಾಕೆ ಇರಲಿಲ್ಲ? ಅಲ್ಲಿಯ ಲೆಕ್ಕವೇ ಬೇರೆ. ಮನೆಗೆ ಒಂದು ಒಳ್ಳೆಯ ಹುಂಜ ಉಳಿಯುತ್ತಿತ್ತು, ಮಿಕ್ಕವು ಹಬ್ಬಕ್ಕೋ ನೆಂಟರಿಗೋ ಸಾರಾಗುತ್ತಿದ್ದವು. ಮಕ್ಕಳ ಮೇಲೆ ಹಾರಿದ ಹುಂಜದ ಸರದಿ ಎಲ್ಲಕ್ಕಿಂತ ಮೊದಲು. ಕರಾವಳಿಯಲ್ಲಿ ಮಾತ್ರ ಜಗಳಗಂಟ ಹುಂಜಕ್ಕೆ ಕೋಳಿ ಅಂಕದಲ್ಲಿ ಬೆಲೆ ಇತ್ತು. ಆದರೆ ಅಲ್ಲೂ ಕಾನೂನು ಅದನ್ನು ಒಪ್ಪುವುದಿಲ್ಲ, ಅಮೆರಿಕದಲ್ಲಂತೂ 2008ರಲ್ಲಿ ಲೂಸಿಯಾನ ಕೂಡ ನಿಷೇಧಿಸಿದ ಮೇಲೆ ಐವತ್ತು ರಾಜ್ಯಗಳಲ್ಲೂ ಕೋಳಿಕಾಳಗ ಅಪರಾಧ. ಇಲ್ಲಿ ನಮ್ಮ ಮಕ್ಕಳು ಮರಿ ಬಂದ ದಿನವೇ ಅದಕ್ಕೊಂದು ಹೆಸರಿಡುತ್ತಾರೆ. ಹೆಸರಿಟ್ಟ ಮೇಲೆ ಸಾರು ಮಾಡುವ ಮಾತು ಎತ್ತುವ ಹಾಗಿಲ್ಲ. ನಮ್ಮಲ್ಲಿ ಅರ್ಧ ಮನೆಗಳವರು ಸಸ್ಯಾಹಾರಿಗಳು ಬೇರೆ. ಆದ್ದರಿಂದ ಹುಂಜ ಉಳಿಯುತ್ತದೆ, ಬೆಳೆಯುತ್ತದೆ, ಒಂದು ದಿನ ಹಾರುತ್ತದೆ.

ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೆಸರು ಬೇಡ, ವಿಷಯ ಬರೆಯಿರಿ ಎಂದು ಅವರೇ ಅನುಮತಿ ಕೊಟ್ಟಿದ್ದಾರೆ. ನಮ್ಮ ಸ್ನೇಹಿತರು, ಆಟೋ ಕಂಪನಿಯೊಂದರಲ್ಲಿ ಎಂಜಿನಿಯರ್, ಮನೆ ಸೌತ್ ಲಯನ್ ಆಚೆ, ಸುತ್ತ ಮೂರು ಎಕರೆ ಜಾಗ. ಏಪ್ರಿಲ್‌ನಲ್ಲಿ ಎಂಟು ಮರಿ ತಂದರು, ಒಂದು ಹುಂಜವಾಯಿತು. ಒಂಬತ್ತು ವರ್ಷದ ಮಗಳು ಅದಕ್ಕೆ 'ರಾಜ' ಎಂದು ಹೆಸರಿಟ್ಟು, ಕಂಕುಳಲ್ಲಿ ಇಟ್ಟುಕೊಂಡು ತಿರುಗಿ, ಕೈಯಿಂದಲೇ ಕಾಳು ತಿನ್ನಿಸಿ ಬೆಳೆಸಿದಳು. ಮೇ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯಿಂದ ಅವರ ತಾಯಿ ಬಂದರು, ಆರು ತಿಂಗಳ ವಾಸ್ತವ್ಯಕ್ಕೆ. ವಯಸ್ಸು ಎಪ್ಪತ್ತನಾಲ್ಕು. ಎದೆಬಡಿತ ಏರುಪೇರಾಗುವ ತೊಂದರೆಗೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ಕಾಲಿನಲ್ಲಿ ಉಬ್ಬಿದ ರಕ್ತನಾಳ. ಮೊದಲ ವಾರ ಸೋಫಾದ ಮೇಲೆ ಮಂಕಾಗಿ ಕೂತಿದ್ದ ಅಮ್ಮ, ಕೋಳಿಗೂಡು ಕಂಡ ದಿನದಿಂದ ಚೇತರಿಸಿಕೊಂಡರಂತೆ. ಬೆಳಿಗ್ಗೆ ಗೂಡು ತೆಗೆಯುವುದು, ಅಕ್ಕಿ ನುಚ್ಚು ಹಾಕುವುದು, "ಈ ಹ್ಯಾಟೆ ಮೊಟ್ಟೆಗೆ ಬಂತು ಕಾಣು" ಎಂದು ಸೊಸೆಗೆ ತೋರಿಸುವುದು, ಸಂಜೆ ಎಣಿಸಿ ಒಳಗೆ ಕೂಡುವುದು, ಎಲ್ಲ ಅವರದೇ ಕಾರುಬಾರು.

ಆಗಸ್ಟ್‌ನಲ್ಲಿ ರಾಜ ಮಗನ ಶೂ ಕುಕ್ಕತೊಡಗಿತು. ಆತ ಕಾಲಿನಿಂದ ಒದ್ದು ದೂಡಿದರು. ಮರುದಿನ ಅದು ಇನ್ನೂ ಜೋರಾಗಿ ಬಂತು, ಇವರೂ ಇನ್ನೂ ಜೋರಾಗಿ ಒದ್ದರು. ಮನೆಯವರಿಗೆಲ್ಲ ಅದು ತಮಾಷೆಯಾಗಿತ್ತು, ವಿಡಿಯೋ ಕೂಡ ಮಾಡಿದ್ದರು. ಸೆಪ್ಟೆಂಬರ್‌ನ ಒಂದು ಭಾನುವಾರ ಸಂಜೆ ಅಮ್ಮ ಬಗ್ಗಿ ನೀರಿನ ಬಟ್ಟಲು ತೊಳೆಯುತ್ತಿದ್ದಾಗ ರಾಜ ಹಿಂದಿನಿಂದ ಹಾರಿ ಮೀನಖಂಡಕ್ಕೆ ಚುಚ್ಚಿತು. ಕಾಣುವುದಕ್ಕೆ ಎರಡು ಸಣ್ಣ ತೂತು. ಆದರೆ ಸೀರೆಯ ಅಂಚು, ಚಪ್ಪಲಿ, ಡೆಕ್ಕಿನ ಮೆಟ್ಟಿಲು ಎಲ್ಲ ರಕ್ತ.

ನನಗೆ ಫೋನ್ ಬಂತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಕಾಲು ತೊಳೆಯುತ್ತಿದ್ದರು. "ಮೊದಲು ಮಲಗಿಸಿ. ಕಾಲನ್ನು ಎದೆಗಿಂತ ಎತ್ತರಕ್ಕೆ ದಿಂಬಿನ ಮೇಲಿಡಿ. ಶುಭ್ರವಾದ ಬಟ್ಟೆ ಮಡಿಸಿ ಗಾಯದ ಮೇಲೇ ಗಟ್ಟಿಯಾಗಿ ಒತ್ತಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ನಡುವೆ ತೆಗೆದು ಇಣುಕಬೇಡಿ" ಎಂದೆ. ರಕ್ತ ಹತೋಟಿಗೆ ಬಂತು. ಆಮೇಲೆ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಗಾಯ ತೊಳೆಸಿ, ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಬಂದರು.

ಇದು ಸಣ್ಣ ವಿಷಯವಲ್ಲ ಎಂದು ನಾನು ಗಾಬರಿಯಾದದ್ದಕ್ಕೆ ಕಾರಣವಿದೆ. 2019ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ರೋಜರ್ ಬಯಾರ್ಡ್ ಮತ್ತು ಅವರ ಸಹೋದ್ಯೋಗಿ ಒಂದು ಪ್ರಕರಣ ಪ್ರಕಟಿಸಿದರು. ಮೊಟ್ಟೆ ತರಲು ಹೋದ 76 ವರ್ಷದ ಹೆಂಗಸಿನ ಕಾಲನ್ನು ಹುಂಜ ಕುಕ್ಕಿತು. ಕೊಕ್ಕು ತಗುಲಿದ್ದು ಉಬ್ಬಿದ ರಕ್ತನಾಳಕ್ಕೆ. ಆಕೆ ರಕ್ತ ಸೋರಿಯೇ ತೀರಿಕೊಂಡರು. ಉಬ್ಬಿದ ನಾಳದ ಮೇಲಿನ ಚರ್ಮ ವಯಸ್ಸಾದವರಲ್ಲಿ ಕಾಗದದಷ್ಟು ತೆಳು. ನಿಂತಿದ್ದಾಗ ಅದರೊಳಗಿನ ಒತ್ತಡ ಹೆಚ್ಚು. ಮಲಗಿಸಿ ಕಾಲೆತ್ತಿದರೆ ಆ ಒತ್ತಡ ಇಳಿಯುತ್ತದೆ. ಇಷ್ಟು ಗೊತ್ತಿದ್ದರೆ ಒಂದು ಜೀವ ಉಳಿಸಬಹುದು.

ಎರಡು ದಿನ ಬಿಟ್ಟು ನೋಡಿಕೊಂಡು ಬರಲು ಹೋದೆ. ಮನೆಯಲ್ಲಿ ಪಂಚಾಯ್ತಿ ನಡೆದಿತ್ತು. ಮೊಮ್ಮಗಳು ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು. ಮಗ ಒಂದು ದಾರಿ ಹುಡುಕಿದ್ದರು: "ಅಮ್ಮ ಹೇಗೂ ನವೆಂಬರ್‌ನಲ್ಲಿ ಊರಿಗೆ ಹೋಗ್ತಾರೆ. ಅಲ್ಲಿವರೆಗೆ ಅವರು ಹಿತ್ತಿಲಿಗೆ ಬರೋದು ಬೇಡ ಅಂದಿದ್ದೀನಿ ಡಾಕ್ಟ್ರೇ. ಟಿವಿ ಇದೆ, ಉದಯ ಬರುತ್ತೆ." ಅಮ್ಮ ನನ್ನ ಕಡೆ ನೋಡಿ, "ಎಂತ ಮಾಡೂದು ಡಾಕ್ಟ್ರೇ, ನಮ್ಮನೇಲಿ ಇಪ್ಪತ್ತು ಇಪ್ಪತ್ತೈದು ಕೋಳಿ ಸಾಕಿದೋಳು ನಾನು" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು.

ನಾನು ಆ ಸ್ನೇಹಿತರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ, ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ. ನಮ್ಮ ತಂದೆ ತಾಯಿಗಳು ಇಲ್ಲಿಗೆ ಬಂದಾಗ ಕಾರು ಓಡಿಸಲಾರರು, ಪಕ್ಕದ ಮನೆಗೆ ಹೋಗಿ ಹರಟಲಾರರು, ನಾವು ಆಫೀಸಿಗೆ ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಗಡಿಯಾರ ನೋಡುತ್ತಾ ಕೂತಿರುತ್ತಾರೆ. ಅವರಿಗೆ ತಮ್ಮದು ಎನ್ನುವ ಒಂದು ಜಾಗ ಸಿಕ್ಕಿದರೆ, ಅದು ಅಡುಗೆಮನೆಯೋ ಹಿತ್ತಿಲೋ, ಅದಕ್ಕಿಂತ ದೊಡ್ಡ ಔಷಧಿ ನನ್ನ ಬಳಿ ಇಲ್ಲ. ಆ ಅಮ್ಮ ದಿನಾ ನಾಲ್ಕು ಸಲ ಗೂಡಿಗೆ ಹೋಗಿ ಬರುತ್ತಿದ್ದರು. ಅದು ಅವರ ನಡಿಗೆ, ಅವರ ಬಿಸಿಲು, ಅವರ ಮಾತುಕತೆ. ಹುಂಜಕ್ಕೆ ಅಂಗಳ ಬಿಟ್ಟುಕೊಟ್ಟು ಅವರನ್ನು ಒಳಗೆ ಕೂರಿಸಿದರೆ ಗಾಯ ಮಾಯಬಹುದು, ಮನುಷ್ಯ ಬಾಡುತ್ತಾರೆ. ಬೇಲಿ ಹಾಕುವುದಾದರೆ ಹುಂಜಕ್ಕೆ ಹಾಕಿ, ಅಮ್ಮನಿಗಲ್ಲ.

ಆ ದಿನವೇ ಗೂಡಿನ ಪಕ್ಕ ತಂತಿ ಬಲೆಯ ಒಂದು ಪ್ರತ್ಯೇಕ ಕೋಣೆ ಮಾಡಿ ರಾಜನನ್ನು ಅದಕ್ಕೆ ಕೂಡಿದರು. ಹಿಡಿದವರು ಯಾರು ಗೊತ್ತೇ? ಅಮ್ಮನೇ ಡೆಕ್ಕಿನ ಮೇಲೆ ನಿಂತು ಮಗನಿಗೆ ಹೇಳಿಕೊಟ್ಟರು: ಕತ್ತಲಾಗಲಿ, ಹುಂಜಕ್ಕೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಸುಮ್ಮನೆ ಕೂತಿರುತ್ತದೆ, ಇಲ್ಲವಾದರೆ ಹಗಲಲ್ಲಿ ದೊಡ್ಡ ಬುಟ್ಟಿ ಕವುಚಿ ಹಾಕು. ಲಾಂಡ್ರಿ ಬಾಸ್ಕೆಟ್ಟು ಮಲೆನಾಡಿನ ಬುಟ್ಟಿಯ ಕೆಲಸ ಮಾಡಿತು. ಮೊಮ್ಮಗಳು ಅಜ್ಜಿಯ ಮೇಲೆ ಮುನಿಸಿಕೊಂಡಿದ್ದಾಗ ಅವರು ಹೇಳಿದ ಮಾತು ನನಗೆ ನೆನಪಿದೆ: "ಮಗಾ, ಅದು ಕೆಟ್ಟದ್ದಲ್ಲ. ಅದಕ್ಕೆ ಪ್ರಾಯ, ನಂಗೆ ವಯಸ್ಸು. ಎರಡೂ ಒಂದೇ ಅಂಗಳದಲ್ಲಿ ಆಗೂದಿಲ್ಲ."

ಈಗ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹರೆಯದ ಹುಂಜವಿದ್ದರೆ ಮಾಡಬೇಕಾದದ್ದು ಇಷ್ಟು.

ಲಕ್ಷಣ ಮೊದಲೇ ಕಾಣುತ್ತದೆ, ನೋಡಿ. ಒಂದು ರೆಕ್ಕೆ ಇಳಿಬಿಟ್ಟು ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಕುಣಿಯುವುದು, ಕತ್ತಿನ ಗರಿ ನಿಮಿರಿಸುವುದು, ತಲೆ ತಗ್ಗಿಸಿ ದಿಟ್ಟಿಸುವುದು, ನಿಮ್ಮ ಬೆನ್ನ ಹಿಂದೆ ಸದ್ದಿಲ್ಲದೆ ಹಿಂಬಾಲಿಸುವುದು, ಶೂ ಅಥವಾ ಪ್ಯಾಂಟಿನ ತುದಿ ಕುಕ್ಕುವುದು. ಇವು ತಮಾಷೆಯಲ್ಲ, ಮುನ್ಸೂಚನೆ.

ಒದೆಯಬೇಡಿ, ಹೊಡೆಯಬೇಡಿ. ಹುಂಜದ ಭಾಷೆಯಲ್ಲಿ ಒದೆ ಎಂದರೆ 'ಬಾ, ನೋಡೇಬಿಡೋಣ' ಎಂದರ್ಥ. ಓಡಲೂಬೇಡಿ, ಓಡಿದರೆ ಅದು ಗೆದ್ದ ಹಾಗೆ. ಅದರ ಕಡೆ ಮುಖ ಮಾಡಿ ಗಟ್ಟಿಯಾಗಿ ನಿಲ್ಲಿ, ನಿಧಾನವಾಗಿ ಒಂದು ಹೆಜ್ಜೆ ಮುಂದಿಡಿ, ಅದು ಸರಿದು ಮೇಯಲು ತೊಡಗುವವರೆಗೆ ಬೆನ್ನು ತಿರುಗಿಸಬೇಡಿ. ಕೈಯಲ್ಲಿ ಒಂದು ಬಕೆಟ್ಟು ಅಥವಾ ಕಸದ ಡಬ್ಬದ ಮುಚ್ಚಳ ಇರಲಿ, ಹೊಡೆಯುವುದಕ್ಕಲ್ಲ, ಅಡ್ಡ ಹಿಡಿಯುವುದಕ್ಕೆ. ಗೂಡಿಗೆ ಹೋಗುವಾಗ ಉದ್ದ ಪ್ಯಾಂಟು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ. ಚಪ್ಪಲಿ, ಸೀರೆ, ಪಂಚೆ ಬೇಡ.

ಗಂಡು ಮರಿಯನ್ನು ಮಡಿಲಲ್ಲಿಟ್ಟು ಮುದ್ದು ಮಾಡಿ ಬೆಳೆಸಬೇಡಿ. ಮನುಷ್ಯರ ಭಯ ಹೋದ ಹುಂಜವೇ ಹರೆಯದಲ್ಲಿ ಮನುಷ್ಯರಿಗೆ ಸವಾಲು ಹಾಕುವುದು ಎನ್ನುವುದು ಅನುಭವಿಗಳ ಮಾತು. ಕೈಯಿಂದ ಕಾಳು ತಿನ್ನಿಸುವ ಬದಲು ಬಟ್ಟಲಿನಲ್ಲಿ ಹಾಕಿ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಾದರೂ ಇರಬೇಕು. ಕಡಿಮೆಯಾದರೆ ಹೇಂಟೆಗಳ ಬೆನ್ನಿನ ಗರಿ ಉದುರಿ ಗಾಯವಾಗುತ್ತದೆ. ಎರಡು ಎಳೆ ಹುಂಜಗಳಿದ್ದರೆ ಹೇಂಟೆಗಳು ಕಾಣದ ಬೇರೆ ಕೋಣೆಯಲ್ಲಿ ಇಡಿ, ಜಗಳಕ್ಕೆ ಕಾರಣವೇ ಕಡಿಮೆಯಾಗುತ್ತದೆ. ಜಾಗ ಇಕ್ಕಟ್ಟಾಗದಿರಲಿ: ಒಂದು ಹಕ್ಕಿಗೆ ಗೂಡಿನೊಳಗೆ 4 ಚದರಡಿ, ಹೊರಗೆ 10 ಚದರಡಿ ಎನ್ನುವುದು ಇಲ್ಲಿ ರೂಢಿಯಲ್ಲಿರುವ ಅಳತೆ. ಕಾಲಿನ ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಬಹುದು, ಆದರೆ ಬುಡದವರೆಗೆ ಕತ್ತರಿಸಬೇಡಿ, ಒಳಗೆ ಮೂಳೆಯೂ ರಕ್ತವೂ ಇರುತ್ತದೆ.

ಮುಖ್ಯವಾದದ್ದೊಂದು. ಈಗ ನವೆಂಬರ್, ನಮ್ಮ ಈ ಕಡೆ ಹಗಲು ಚಿಕ್ಕದಾಗಿದೆ. ಬೆಳಕು ಕಡಿಮೆಯಾದಂತೆ ಹಾರ್ಮೋನೂ ಇಳಿಯುವುದರಿಂದ ಹುಂಜ ತಣ್ಣಗಾದಂತೆ ಕಾಣಬಹುದು. ಬುದ್ಧಿ ಬಂತು ಎಂದು ಹಿಗ್ಗಬೇಡಿ. ಮಾರ್ಚ್ ಏಪ್ರಿಲ್‌ನಲ್ಲಿ ಹಗಲು ಬೆಳೆದಂತೆ ಅದರ ಪ್ರತಾಪವೂ ಬೆಳೆಯುತ್ತದೆ, ಅಷ್ಟು ಹೊತ್ತಿಗೆ ಕಾಲಿನ ಮುಳ್ಳೂ ಉದ್ದವಾಗಿರುತ್ತದೆ.

ಗಾಯವಾದರೆ: ರಕ್ತ ಜೋರಾಗಿದ್ದರೆ ಮೊದಲು ಒತ್ತುವುದು, ಕಾಲು ಮೇಲೆತ್ತುವುದು. ನಿಲ್ಲದಿದ್ದರೆ 911. ರಕ್ತ ಕಡಿಮೆಯಿದ್ದರೆ ಹರಿಯುವ ನೀರು ಮತ್ತು ಸೋಪಿನಲ್ಲಿ ಐದು ಹತ್ತು ನಿಮಿಷ ತೊಳೆಯಿರಿ. ಮುಳ್ಳು ಚುಚ್ಚಿದ ಗಾಯ ಮೇಲೆ ಸಣ್ಣದು, ಒಳಗೆ ಆಳ. ಅರಿಶಿನ, ಕಾಫಿಪುಡಿ ತುಂಬಬೇಡಿ. ಕೊನೆಯ ಟೆಟನಸ್ ಚುಚ್ಚುಮದ್ದು ಹಾಕಿಸಿ 5 ವರ್ಷ ಮೀರಿದ್ದರೆ ಇಂಥ ಕೊಳಕು ಗಾಯಕ್ಕೆ ಮತ್ತೊಂದು ಬೇಕು. ಊರಿನಿಂದ ಬಂದ ಹಿರಿಯರಿಗೆ ಯಾವಾಗ ಹಾಕಿಸಿದ್ದು ಎಂಬುದೇ ನೆನಪಿರುವುದಿಲ್ಲ, ಆದ್ದರಿಂದ ಡಾಕ್ಟರ ಬಳಿ ಹೋಗಿಬಿಡಿ. ರೇಬೀಸ್ ಭಯ ಬೇಡ, ಅದು ಸಸ್ತನಿಗಳಿಂದ ಬರುವ ರೋಗ. ಕಣ್ಣು ಮುಖದ ಗಾಯ, ಕೆಂಪಾಗಿ ಊದುತ್ತಿರುವ ಗಾಯ, ಸಕ್ಕರೆ ಕಾಯಿಲೆಯವರ ಪಾದದ ಗಾಯ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರ ಗಾಯ, ಇವುಗಳಲ್ಲಿ ಯಾವುದಕ್ಕೂ ನಾಳೆ ನೋಡೋಣ ಎನ್ನಬೇಡಿ.

ಸಾಧು ಕೋಳಿಗಳಿಂದಲೂ ಬರುವ ತೊಂದರೆ ಸಾಲ್ಮೊನೆಲ್ಲಾ. 2020ರಲ್ಲಿ ಮನೆಗೋಳಿಗಳಿಂದ ಹಬ್ಬಿದ ಈ ಸೋಂಕಿನ 1,700ಕ್ಕೂ ಹೆಚ್ಚು ಪ್ರಕರಣಗಳು ಈ ದೇಶದಲ್ಲಿ ದಾಖಲಾದವು. 5 ವರ್ಷದೊಳಗಿನ ಮಕ್ಕಳಿಗೆ ಕೋಳಿ ಮುಟ್ಟಿಸಬೇಡಿ, ಉಳಿದವರು ಮುಟ್ಟಿದೊಡನೆ ಸೋಪಿನಲ್ಲಿ ಕೈ ತೊಳೆಯಿರಿ. ಪಾದರಕ್ಷೆ ಹೊರಗೆ ಬಿಡುವ ನಮ್ಮ ಹಳೆಯ ಪದ್ಧತಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮಿಷಿಗನ್‌ನಲ್ಲಿ 2022ರ ಫೆಬ್ರುವರಿಯಲ್ಲಿ ಹಕ್ಕಿಜ್ವರ ಪತ್ತೆಯಾದದ್ದು ಕಲಮಜೂ ಕೌಂಟಿಯ ಒಂದು ಮನೆಯ ಹಿತ್ತಿಲ ಕೋಳಿಗಳಲ್ಲಿ. ಕೋಳಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದರೆ ಮುಟ್ಟದೆ ರಾಜ್ಯದ ಕೃಷಿ ಇಲಾಖೆಗೆ ತಿಳಿಸಿ. ಸಾಕಣೆಯ ಬಗ್ಗೆ ಏನೇ ಸಂದೇಹ ಬಂದರೂ ಮಿಷಿಗನ್ ಸ್ಟೇಟ್ ಮತ್ತು ಇಲಿನಾಯ್ ವಿಶ್ವವಿದ್ಯಾಲಯಗಳ ಎಕ್ಸ್‌ಟೆನ್ಷನ್ ವಿಭಾಗಗಳವರನ್ನು ಕೇಳಬಹುದು.

ಎಲ್ಲ ಮಾಡಿದರೂ ಹುಂಜ ಬಗ್ಗದಿದ್ದರೆ? ಒಂದು ಗಡುವು ಇಟ್ಟುಕೊಳ್ಳಿ. ಗಟ್ಟಿಮುಟ್ಟಾದವರು ಮಾತ್ರ ಇರುವ ಮನೆಯಾದರೆ ಆರೆಂಟು ವಾರ ತಾಳ್ಮೆಯಿಂದ ನೋಡಬಹುದು. ಎಷ್ಟೋ ಹುಂಜಗಳು ಒಂದು ವರ್ಷ ತುಂಬುವಷ್ಟರಲ್ಲಿ ಶಾಂತವಾಗುತ್ತವೆ. ಆದರೆ ಮನೆಯಲ್ಲಿ ಪುಟ್ಟ ಮಕ್ಕಳೋ ವಯಸ್ಸಾದವರೋ ಇದ್ದರೆ ಮೊದಲನೆಯ ಸಲ ಹಾರಿದ ದಿನವೇ ಗಡುವು ಮುಗಿಯಿತು ಎಂದು ತಿಳಿಯಿರಿ, ಅವತ್ತೇ ಬೇರೆ ಕೂಡಿಹಾಕಿ. ಬೇರೆಯವರಿಗೆ ಕೊಡುವಾಗ ಅದರ ಸ್ವಭಾವ ಮುಚ್ಚಿಡಬೇಡಿ. ನಿಮ್ಮ ಅಜ್ಜಿಯನ್ನು ಚುಚ್ಚಿದ್ದು ಇನ್ನೊಬ್ಬರ ಅಜ್ಜಿಯನ್ನೂ ಚುಚ್ಚುತ್ತದೆ. ಕೊಟ್ಟ ಮೇಲೆ ಅದು ಅವರ ಮನೆಯ ಸಾರಾಗಲೂಬಹುದು. ಆ ಮಾತನ್ನು ಮಕ್ಕಳಿಗೆ ಮುಂಚೆಯೇ ಹೇಳಿ, 'ಫಾರಂನಲ್ಲಿ ಸುಖವಾಗಿದೆ' ಎಂಬ ಸುಳ್ಳು ಬೇಡ. ಸಾಕಿದ ಪ್ರಾಣಿಯ ಬಗ್ಗೆ ಕಷ್ಟದ ತೀರ್ಮಾನ ಮಾಡುವುದನ್ನು ಮಕ್ಕಳು ನಮ್ಮನ್ನು ನೋಡಿಯೇ ಕಲಿಯಬೇಕು.

ರಾಜನನ್ನು ಲಿವಿಂಗ್‌ಸ್ಟನ್ ಕೌಂಟಿಯ ರೈತರೊಬ್ಬರು ಒಯ್ದರು. ಅವರ ಬಳಿ ಮೂವತ್ತಕ್ಕೂ ಹೆಚ್ಚು ಹೇಂಟೆಗಳಿವೆ, ಮೊದಲಿದ್ದ ಹುಂಜವನ್ನು ನರಿ ಹಿಡಿದಿತ್ತಂತೆ. ವಿಷಯವೆಲ್ಲ ಕೇಳಿ, ಬೂಟು ತೋರಿಸಿ ನಕ್ಕರಂತೆ. ಮೊಮ್ಮಗಳು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಜ್ಜಿಯ ಕೈ ಹಿಡಿದುಕೊಂಡು ಗೂಡಿನ ಬಾಗಿಲು ತೆಗೆಯಲು ಹೋದಳು ಎಂದು ಸ್ನೇಹಿತರು ತಿಳಿಸಿದರು.

ಇದನ್ನು ನೀವು ಓದುವ ಹೊತ್ತಿಗೆ ಆ ಅಮ್ಮ ಊರಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿರುತ್ತಾರೆ. ನಿಮ್ಮ ಮನೆಯಲ್ಲೂ ಹಿರಿಯರು ಬಂದಿದ್ದರೆ ಅವರ ಕಾಲಿನ ನಾಳಗಳನ್ನು, ಮಾತ್ರೆಗಳ ಪಟ್ಟಿಯನ್ನು, ಟೆಟನಸ್ ಚುಚ್ಚುಮದ್ದಿನ ತಾರೀಖನ್ನು ಈ ಹಬ್ಬದ ರಜೆಯಲ್ಲಿ ಒಮ್ಮೆ ನೋಡಿ. ಹಾಗೆಯೇ ಅವರಿಗೆ ನಿಮ್ಮ ಮನೆಯಲ್ಲಿ ತಮ್ಮದೆನ್ನುವ ಜಾಗ ಯಾವುದು ಎಂದೂ ನೋಡಿ. ಎಲ್ಲರಿಗೂ ಒಳ್ಳೆಯದಾಗಲಿ, ಬರುವ ವರ್ಷ ಮತ್ತೆ ಸಕ್ಕರೆ ಕಾಯಿಲೆಯೊಂದಿಗೆ ಬರುತ್ತೇನೆ.